ಪೆಪ್ಪರೋನಿಯೂ ಅಜ್ಜಿಯ ಒಳ್ಳೆಮೆಣಸೂ

ಅಮೆರಿಕದಲ್ಲಿದ್ದ ಎರಡು ವರ್ಷ ನಾನು ತುಂಬಾ ಹೆದರಿದ್ದು ಒಂದು ಪದಕ್ಕೆ. ಪೆಪ್ಪರೋನಿ. ಆಫೀಸಿನಲ್ಲಿ ಮಧ್ಯಾಹ್ನ ಮೀಟಿಂಗ್ ಇದ್ದರೆ ಪಿಜ್ಜಾ ತರಿಸುತ್ತಿದ್ದರು. ರಟ್ಟಿನ ಡಬ್ಬಗಳನ್ನು ಮೇಜಿನ ಮೇಲೆ ಪೇರಿಸಿಡುತ್ತಿದ್ದರು. ಯಾವ ಮುಚ್ಚಳ ಎತ್ತಿದರೂ ಅದೇ ಕೆಂಪು ಬಿಲ್ಲೆಗಳು, ಎಣ್ಣೆ ಜಿನುಗಿಸುತ್ತಾ ಚೀಸ್ ಮೇಲೆ ಕೂತಿರುತ್ತಿದ್ದವು. ಹಂದಿ ಮಾಂಸ, ದನದ ಮಾಂಸ ಕೊಚ್ಚಿ, ಉಪ್ಪು ಖಾರ ಬೆರೆಸಿ, ಹುಳಿ ಬರಿಸಿ, ಒಣಗಿಸಿ ಮಾಡುವ ಸಾಸೇಜ್ ಅದು. ತೆಳ್ಳಗೆ ಕತ್ತರಿಸಿದರೆ ಈ ಬಿಲ್ಲೆ. ನಮ್ಮ ಮನೆಯಲ್ಲಿ ಮೊಟ್ಟೆಯನ್ನೂ ಒಳಗೆ ತರುವುದಿಲ್ಲ. ಹಾಗಾಗಿ ಆ ಪದ ಕಂಡಲ್ಲಿ ನಾನು ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದೆ. ಮೂಲೆಯಲ್ಲಿ ಒಂಟಿಯಾಗಿ ಇರುತ್ತಿದ್ದ ಚೀಸ್ ಪಿಜ್ಜಾ ಮುಗಿಯುವ ಮೊದಲು ಹೋಗಿ ಎರಡು ತುಂಡು ಹಿಡಿದುಕೊಳ್ಳುವುದೇ ನನ್ನ ಸಾಹಸ.

ಆಮೇಲೊಮ್ಮೆ ಕೆಲಸದ ಮೇಲೆ ಎರಡು ವಾರ ಇಟಲಿಯ ಟ್ಯೂರಿನ್‌ಗೆ ಹೋಗಬೇಕಾಯಿತು. ಸೆಪ್ಟೆಂಬರ್ ಮೊದಲ ವಾರ. ಉಳಿದುಕೊಂಡಿದ್ದ ಜಾಗದ ಕೆಳಗೇ ಒಂದು ಪುಟ್ಟ ಪಿಜ್ಜಾ ಅಂಗಡಿ. ಮೆನುವಿನಲ್ಲಿ ಏಳೆಂಟು ಬಗೆ, ಅದರಲ್ಲಿ ಮೂರು ಕಡೆ ‘ಪೆಪೆರೋನಿ’ ಎಂದಿತ್ತು. ಇಲ್ಲೂ ಬಿಡಲಿಲ್ಲವಲ್ಲಾ ಇದು ಅಂದುಕೊಂಡೆ. ನಾಲ್ಕು ರಾತ್ರಿ ಬರೀ ಮಾರ್ಗರಿಟಾ ತಿಂದೆ. ಐದನೇ ದಿನ ಶನಿವಾರ, ರಜೆ. ಪೋರ್ಟಾ ಪಲಾತ್ಸೋ ಎಂಬ ಸಂತೆಗೆ ಹೋದೆ. ಯುರೋಪಿನ ದೊಡ್ಡ ಬಯಲು ಸಂತೆಗಳಲ್ಲಿ ಅದೂ ಒಂದು. ಅಲ್ಲಿ ಒಂದು ಅಂಗಡಿಯಲ್ಲಿ ದೊಣ್ಣೆ ಮೆಣಸಿನಕಾಯಿಯ ಗುಡ್ಡೆ. ಕೆಂಪು, ಹಳದಿ, ಒಂದೊಂದೂ ಎರಡು ಕೈಯಲ್ಲಿ ಹಿಡಿಯಬೇಕು, ಅಷ್ಟು ದಪ್ಪ. ಗುಡ್ಡೆಯ ನೆತ್ತಿಗೆ ಒಂದು ರಟ್ಟು ಚುಚ್ಚಿ, ಅದರ ಮೇಲೆ ಬೆಲೆ ಬರೆದಿದ್ದರು. ಬೆಲೆಯ ಮೇಲೆ ದಪ್ಪ ಅಕ್ಷರದಲ್ಲಿ: ಪೆಪೆರೋನಿ.

ರಟ್ಟು ತಪ್ಪಿ ಇಲ್ಲಿಗೆ ಬಂದಿದೆ ಅನಿಸಿತು. ಬೆರಳು ತೋರಿಸಿ ‘ಪೆಪೆರೋನಿ?’ ಎಂದೆ. ಅಂಗಡಿಯವನಿಗೆ ನನ್ನ ಅನುಮಾನ ಹೇಗೆ ಗೊತ್ತಾಗಬೇಕು? ನನಗೆ ಭಾಷೆ ಬರುವುದಿಲ್ಲ ಅಂತ ಮಾತ್ರ ಗೊತ್ತಾಯಿತು. ಒಂದು ಹಳದಿ ಕಾಯಿ ಎತ್ತಿ ‘ಉನ್ ಪೆಪೆರೋನೆ’ ಎಂದ. ಇನ್ನೊಂದು ಎತ್ತಿ, ಎರಡನ್ನೂ ಜೊತೆಗೆ ಹಿಡಿದು ‘ದುಎ ಪೆಪೆರೋನಿ’ ಎಂದ. ಒಂದಾದರೆ ಪೆಪೆರೋನೆ, ಎರಡಾದರೆ ಪೆಪೆರೋನಿ. ಇಟಾಲಿಯನ್ ವ್ಯಾಕರಣದ ಮೊದಲ ಪಾಠ ನನಗೆ ತರಕಾರಿ ಅಂಗಡಿಯಲ್ಲಿ ಆಯಿತು. ಆ ರಾತ್ರಿ ಕೆಳಗಿನ ಅಂಗಡಿಗೆ ಹೋಗಿ ಧೈರ್ಯವಾಗಿ ಪೆಪೆರೋನಿ ಪಿಜ್ಜಾ ಕೇಳಿದೆ. ಸುಟ್ಟ ದೊಣ್ಣೆ ಮೆಣಸಿನಕಾಯಿ ಸಿಪ್ಪೆ ಸುಲಿದು, ಉದ್ದಕ್ಕೆ ಸೀಳಿ ಹಾಕಿದ್ದರು. ನಾಲ್ಕು ರಾತ್ರಿ ಸುಮ್ನೆ ಕಳೆದುಕೊಂಡೆನಲ್ಲಾ ಅಂತ ಹೊಟ್ಟೆ ಉರಿಯಿತು. ಟ್ಯೂರಿನ್ ಹತ್ತಿರದ ಕಾರ್ಮನ್ಯೋಲ ಎಂಬ ಊರಿನಲ್ಲಿ ಬೇಸಿಗೆ ಮುಗಿಯುವ ಹೊತ್ತಿಗೆ ಪೆಪೆರೋನೆ ಜಾತ್ರೆಯೇ ನಡೆಯುತ್ತದೆ ಎಂದು ಆಮೇಲೆ ಗೊತ್ತಾಯಿತು. ದೊಣ್ಣೆ ಮೆಣಸಿನಕಾಯಿಗೆ ಜಾತ್ರೆ ಮಾಡುವ ಸೀಮೆಗೆ ಹೋಗಿ ನಾನು ಅದಕ್ಕೇ ಹೆದರಿ ಕೂತಿದ್ದೆ.

ಪದವನ್ನು ಬಿಡಿಸಿದರೆ ಇನ್ನೂ ಮಜಾ ಇದೆ. ಇಟಾಲಿಯನ್ನಿನಲ್ಲಿ ‘ಪೆಪೆ’ ಅಂದರೆ ಕಾಳುಮೆಣಸು. ಪದದ ಕೊನೆಗೆ ‘ಓನೆ’ ಹಚ್ಚಿದರೆ ದೊಡ್ಡದು, ದಪ್ಪನೆಯದು ಎಂಬ ಅರ್ಥ ಬರುತ್ತದೆ. ಪೆಪೆರೋನೆ ಅಂದರೆ ದಪ್ಪ ಮೆಣಸು. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಕ್ಯಾಪ್ಸಿಕಂಗೆ ಏನಂತಾರೆ? ದಪ್ಪ ಮೆಣಸಿನಕಾಯಿ. ಟ್ಯೂರಿನ್ನಿನ ಅಜ್ಜಿಯೂ ಮೈಸೂರಿನ ಅಜ್ಜಿಯೂ ಒಬ್ಬರನ್ನೊಬ್ಬರು ಕೇಳದೆ ಒಂದೇ ಹೆಸರು ಇಟ್ಟಿದ್ದಾರೆ. ಖಾರದ ಸಣ್ಣ ಮೆಣಸಿನಕಾಯಿಗೆ ಅವರು ‘ಪೆಪೆರೊನ್ಚೀನೊ’ ಅನ್ನುತ್ತಾರೆ, ಚಿಕ್ಕದು ಎಂಬ ಅರ್ಥದ ಬಾಲ ಸೇರಿಸಿ.

ಹಾಗಾದರೆ ಅಮೆರಿಕದಲ್ಲಿ ಇದು ಸಾಸೇಜ್ ಆದದ್ದು ಹೇಗೆ? 1880ರಿಂದ 1920ರ ದಶಕದ ಮೊದಲ ವರ್ಷಗಳವರೆಗೆ ನಲವತ್ತು ಲಕ್ಷಕ್ಕೂ ಹೆಚ್ಚು ಇಟಾಲಿಯನ್ನರು ಹಡಗು ಹತ್ತಿ ಅಮೆರಿಕಕ್ಕೆ ಹೋದರು. ಹೆಚ್ಚಿನವರು ದಕ್ಷಿಣದವರು: ನೇಪಲ್ಸ್ ಕಡೆಯವರು, ಕಲಾಬ್ರಿಯಾದವರು, ಸಿಸಿಲಿಯವರು. ಬಡವರು, ಖಾರ ತಿನ್ನುವವರು. ಕಲಾಬ್ರಿಯಾದ ಆಡುಮಾತಿನಲ್ಲಿ ಮೆಣಸಿನಕಾಯಿಗೆ ‘ಪಿಪಿ’ ಅನ್ನುತ್ತಾರೆ. ಮೆಣಸಿನಕಾಯಿ, ಆಲೂಗಡ್ಡೆ ಹುರಿದರೆ ಅದು ‘ಪಿಪಿ ಎ ಪಟಾಟಿ’. ಇವರು ಊರಿನ ಖಾರದ ಸಾಸೇಜಿನ ನೆನಪಿನಲ್ಲಿ ಹೊಸ ಊರಿನ ಮಾಂಸದಂಗಡಿಗಳಲ್ಲಿ ಒಂದು ಹೊಸ ಸಾಸೇಜ್ ಮಾಡಿದರು. ಅದಕ್ಕೆ ಹಾಕಿದ ಮೆಣಸಿನಕಾಯಿಯ ಹೆಸರೇ ಅದಕ್ಕೂ ಅಂಟಿಕೊಂಡಿತು. ಇಂಗ್ಲಿಷಿನವರು ತಮ್ಮ ‘ಪೆಪ್ಪರ್’ ನೆನಪಿಸಿಕೊಂಡು ಒಂದು ಒತ್ತು ಜಾಸ್ತಿ ಕೊಟ್ಟರು. ಪೆಪೆರೋನಿ ಪೆಪ್ಪರೋನಿ ಆಯಿತು. ಬಹುವಚನ ಎಂಬುದೂ ಮರೆತುಹೋಯಿತು. ಅದಕ್ಕೇನು, ನಾವು ಚಿಪ್ಸುಗಳು ಅನ್ನುವುದಿಲ್ಲವಾ? ಅಲ್ಲಿ ‘ಸ್’ ಒಂದು ಬಹುವಚನ, ‘ಗಳು’ ಇನ್ನೊಂದು.

ಈ ಸಾಸೇಜ್ ಇಟಲಿಯದ್ದೇ ಅಲ್ಲ. ಅಲ್ಲಿ ಅಂಥದ್ದು ಬೇಕಾದರೆ ‘ಖಾರದ ಸಲಾಮೆ’ ಎಂದು ಕೇಳಬೇಕು. ಅದನ್ನು ಹಾಕಿದ ಪಿಜ್ಜಾದ ಹೆಸರು ‘ದಿಯಾವೊಲಾ’, ಅಂದರೆ ದೆವ್ವದ್ದು. ಅಷ್ಟು ಖಾರ ಅಂತ. ಆಂಧ್ರದ ಕಡೆಯವರು ತಿಂದರೆ ನಗಬಹುದು. ಜರ್ಮನಿಗೆ ಹೋಗಿ ಪೆಪೆರೋನಿ ಕೇಳಿದರೆ ಖಾರದ ಮೆಣಸಿನಕಾಯಿ ಸಿಗುತ್ತದೆ. ಪಕ್ಕದ ಸ್ವಿಟ್ಜರ್ಲೆಂಡಿನಲ್ಲಿ, ಅದೇ ಜರ್ಮನ್ ಭಾಷೆಯಲ್ಲಿ ಕೇಳಿದರೆ, ದೊಣ್ಣೆ ಮೆಣಸಿನಕಾಯಿ. ಗಡಿ ದಾಟಿದರೆ ತಟ್ಟೆಯಲ್ಲಿ ಬರುವುದೇ ಬೇರೆ.

ಇದನ್ನೆಲ್ಲ ಓದುತ್ತಾ ಕೂತಾಗ ನನಗೆ ಎಂಟನೇ ವಯಸ್ಸಿನಲ್ಲಿ ಬೈಸಿಕೊಂಡದ್ದು ನೆನಪಾಯಿತು.

ನಮ್ಮಮ್ಮನ ತವರು ಪುತ್ತೂರು ಕಡೆ. ನಾವಿದ್ದದ್ದು ಮೈಸೂರಿನಲ್ಲಿ. ಅಜ್ಜಿ ಬೇಸಿಗೆಯಲ್ಲಿ ಬಂದರೆ ಒಂದು ತಿಂಗಳು ಇರುತ್ತಿದ್ದರು. ಬಂದವರು ಸುಮ್ಮನೆ ಕೂರುವವರಲ್ಲ. ಸಾಂಬಾರು ಹುಡಿ ಮಾಡಿಟ್ಟು ಹೋಗಬೇಕು. ಒಂದು ದಿನ ನನ್ನ ಕೈಗೆ ದುಡ್ಡು ಕೊಟ್ಟು, ‘ಮಗಾ, ಅಂಗಡಿಗೆ ಹೋಗಿ ಕಾಲು ಕಿಲೋ ಮೆಣಸು ತಕೊಂಡು ಬಾ’ ಎಂದರು. ನಾನು ಹೋಗಿ ಹಾಗೇ ಕೇಳಿದೆ. ಅಂಗಡಿಯವರು ಕನ್ನಡಕದ ಮೇಲಿಂದ ನೋಡಿ, ‘ಕಾಲು ಕೆಜಿ ಮೆಣಸಾ? ಏನ್ ಮರಿ, ಮನೇಲಿ ಮದುವೆನಾ?’ ಎಂದರು. ಹೌದು ಅಂತ ತಲೆ ಅಲ್ಲಾಡಿಸಿದೆ. ಯಾಕೆ ಹಾಗೆ ಮಾಡಿದೆನೋ ಗೊತ್ತಿಲ್ಲ. ಕೊಟ್ಟ ದುಡ್ಡು ಸಾಲಲಿಲ್ಲ. ಬಾಕಿ ಬರೆದುಕೊಂಡು ಪೊಟ್ಟಣ ಕಟ್ಟಿಕೊಟ್ಟರು.

ಅಜ್ಜಿ ಪೊಟ್ಟಣ ಬಿಚ್ಚಿದರು. ಒಳಗೆ ಕಪ್ಪು ಕಾಳು.

‘ಎಂತದು ಮಗಾ ಇದು? ಇದು ಒಳ್ಳೆಮೆಣಸಲ್ವಾ! ನಾನು ಮೆಣಸು ಹೇಳಿದ್ದು.’

‘ಇದೇ ಅಜ್ಜಿ ಮೆಣಸು.’

ಪುತ್ತೂರಿನಲ್ಲಿ ಮೆಣಸು ಅಂದರೆ ಮೆಣಸಿನಕಾಯಿ. ಹಸಿಮೆಣಸು, ಕೆಂಪುಮೆಣಸು, ಎಲ್ಲಾ ಅದೇ. ಕಪ್ಪು ಕಾಳು ಒಳ್ಳೆಮೆಣಸು. ಮೈಸೂರಿನಲ್ಲಿ ಮೆಣಸು ಅಂದರೆ ಕಪ್ಪು ಕಾಳು, ಇನ್ನೊಂದು ಮೆಣಸಿನಕಾಯಿ. ನಾನು ಅಜ್ಜಿಯನ್ನು ಕೇಳಿದ್ದು ಈಗಲೂ ಮನೆಯಲ್ಲಿ ಜೋಕಾಗಿ ಉಳಿದಿದೆ: ‘ಇದು ಒಳ್ಳೆ ಮೆಣಸಾದರೆ ನಿಂಗೆ ಬೇಕಾದದ್ದು ಕೆಟ್ಟ ಮೆಣಸಾ?’ ಅಮ್ಮ ಒಳಗಿಂದ ನಗುತ್ತಿದ್ದಳು. ಅಜ್ಜಿ ನಗಲಿಲ್ಲ. ಅಷ್ಟು ಒಳ್ಳೆಮೆಣಸನ್ನು ಏನು ಮಾಡುವುದು ಎಂಬುದೇ ಅವರ ಚಿಂತೆ. ಆ ಬೇಸಿಗೆಯಲ್ಲಿ ವಾರಕ್ಕೆ ಮೂರು ದಿನ ಮೆಣಸಿನ ಸಾರು.

ಪುತ್ತೂರು ತಪ್ಪೋ ಮೈಸೂರು ತಪ್ಪೋ ಎಂದು ಕೇಳಿದರೆ, ಒಂದು ಲೆಕ್ಕದಲ್ಲಿ ಮೈಸೂರು ಹಳೆಯ ಅರ್ಥವನ್ನು ಉಳಿಸಿಕೊಂಡಿದೆ. ಮೆಣಸಿನಕಾಯಿ ಇಲ್ಲಿಯದಲ್ಲ. ಅದಕ್ಕೂ ಮೊದಲು ನಮ್ಮಲ್ಲಿ ಮೆಣಸು ಎಂದರೆ ಒಂದೇ, ಬಳ್ಳಿಯ ಕಾಳು. ಮೆಣಸಿನ ಸಾರು ಎಂಬ ಹೆಸರಿನಲ್ಲಿ ಆ ಕಾಲ ಇನ್ನೂ ಕೂತಿದೆ. ಅದಕ್ಕೆ ಮೆಣಸಿನಕಾಯಿ ಹಾಕದಿದ್ದರೂ ನಡೆಯುತ್ತದೆ, ಕಾಳುಮೆಣಸು ಹಾಕದಿದ್ದರೆ ಆ ಹೆಸರೇ ಇಲ್ಲ. ಹೊಸಬ ಬಂದು ಹೆಸರನ್ನು ಕಿತ್ತುಕೊಂಡ ಮೇಲೆ ಹಳಬನಿಗೆ ಗುರುತಿನ ಚೀಟಿ ಬೇಕಾಯಿತು. ಕಾಳುಮೆಣಸು, ಕರಿಮೆಣಸು, ಒಳ್ಳೆಮೆಣಸು ಎಂಬ ಹೆಸರುಗಳು ಹಾಗೆ ಬೇಕಾದವು. ತಮಿಳಿನಲ್ಲೂ ಇದೇ ಕಥೆ: ಮಿಳಗು ಅಂದರೆ ಕಾಳುಮೆಣಸು, ಮಿಳಗಾಯ್ ಅಂದರೆ ಮೆಣಸಿನಕಾಯಿ.

ಹೊಸಬನನ್ನು ಈ ಕಡೆಯ ಲೋಕಕ್ಕೆ ಮೊದಲು ಪರಿಚಯಿಸಿದವನೂ ಇಟಲಿಯವನೇ, ಜಿನೋವಾದ ಕೊಲಂಬಸ್. ಅವನು ಹೊರಟದ್ದೇ ನಮ್ಮ ಕಡೆಯ ಸಾಂಬಾರ ಪದಾರ್ಥ ಹುಡುಕಿಕೊಂಡು. 1492ರ ನವೆಂಬರಿನಲ್ಲಿ ಕ್ಯೂಬಾದಲ್ಲಿದ್ದಾಗ, ಜೊತೆಗೆ ತಂದಿದ್ದ ಕಾಳುಮೆಣಸು, ದಾಲ್ಚಿನ್ನಿ ತೆಗೆದು ಅಲ್ಲಿಯ ಜನರಿಗೆ ತೋರಿಸಿ, ಇದು ನಿಮ್ಮಲ್ಲಿ ಸಿಗುತ್ತಾ ಎಂದು ವಿಚಾರಿಸಿದ. ಹತ್ತಿರದಲ್ಲೇ ಬೇಕಾದಷ್ಟಿದೆ ಎಂದು ಅವರು ಹೇಳಿದರಂತೆ. ಪಾಪ, ಬಂದ ನೆಂಟರಿಗೆ ಇಲ್ಲ ಅನ್ನಲಾಗದೆ ಹೇಳಿರಬೇಕು. 1493ರ ಜನವರಿಯ ದಿನಚರಿಯಲ್ಲಿ ಅವನು ಬರೆದುಕೊಂಡ: ಇವರ ಹತ್ತಿರ ‘ಅಹೀ’ ಎಂಬುದಿದೆ, ಅದೇ ಇವರ ಮೆಣಸು, ನಮ್ಮ ಮೆಣಸಿಗಿಂತ ಮೇಲು, ಅದಿಲ್ಲದೆ ಯಾರೂ ಊಟ ಮಾಡುವುದಿಲ್ಲ. ಸ್ಪೇನಿನವರು ಕಾಳುಮೆಣಸಿನ ‘ಪಿಮಿಯೆಂತಾ’ವನ್ನು ಒಂದಕ್ಷರ ತಿರುಚಿ ಹೊಸ ಕಾಯಿಗೆ ‘ಪಿಮಿಯೆಂತೊ’ ಎಂದರು. ಇಟಲಿಯವರು ಪೆಪೆಗೆ ಬಾಲ ಹಚ್ಚಿದರು.

ಕೊಲಂಬಸ್ ಪೆದ್ದ, ಮೆಣಸು ಯಾವುದು ಅಂತಲೇ ಗೊತ್ತಿರಲಿಲ್ಲ ಎಂದು ಈ ಕಥೆಯನ್ನು ನಗೆಚಾಟಿಕೆಯಾಗಿ ಹೇಳುವುದುಂಟು. ನನಗೆ ಅದು ಸರಿ ಕಾಣುವುದಿಲ್ಲ. ಯಾಕೆಂದರೆ ನಾವೂ ಅದನ್ನೇ ಮಾಡಿದೆವು, ನಮಗೆ ಮೆಣಸು ಚೆನ್ನಾಗಿ ಗೊತ್ತಿತ್ತು. ಪಶ್ಚಿಮ ಘಟ್ಟ ಅದರ ತವರು. ಹದಿನಾರನೇ ಶತಮಾನದಲ್ಲಿ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕರೆದದ್ದೇ ಮೆಣಸಿನ ರಾಣಿ ಎಂದು. ಅದೇ ಪೋರ್ಚುಗೀಸರ ಹಡಗಿನಲ್ಲಿ ಮೆಣಸಿನಕಾಯಿಯೂ ನಮ್ಮ ಕರಾವಳಿಗೆ ಬಂತು. ಹಿತ್ತಲಲ್ಲಿ ಅಡಿಕೆ ಮರಕ್ಕೆ ಬಳ್ಳಿ ಹಬ್ಬಿಸಿ, ಗೊಂಚಲು ಕೊಯ್ದು, ತುಳಿದು, ಚಾಪೆಯ ಮೇಲೆ ಒಣಗಿಸಿ ರೂಢಿಯಿದ್ದ ಜನ ನಮ್ಮವರು. ಈ ಗಿಡ ನೋಡಿದರೆ ಇದು ಮೆಣಸಲ್ಲ ಎಂದು ಮಗುವೂ ಹೇಳುತ್ತಿತ್ತು. ಬಳ್ಳಿಯಲ್ಲ, ಕಾಳಲ್ಲ, ಬಣ್ಣವೂ ಅದಲ್ಲ. ನಿಜ ಹೇಳಬೇಕೆಂದರೆ ಬದನೆಯ ಸಂಬಂಧಿ. ಆದರೂ ಹೆಸರಿಟ್ಟದ್ದು ಮೆಣಸಿನಕಾಯಿ ಎಂದೇ.

ಅಂದರೆ ಹೆಸರಿಟ್ಟದ್ದು ಕಣ್ಣಲ್ಲ, ನಾಲಿಗೆ. ಬಾಯಿಗೆ ಹಾಕಿಕೊಂಡಾಗ ಹೊತ್ತಿದ ಬೆಂಕಿ ಯಾವುದನ್ನು ನೆನಪಿಸಿತೋ ಆ ಹೆಸರು. ಅದು ಬರೀ ಭ್ರಮೆಯೂ ಅಲ್ಲ. ಕಾಳುಮೆಣಸಿನ ಖಾರ ಪೈಪರಿನ್ ಎಂಬ ವಸ್ತುವಿನದು, ಮೆಣಸಿನಕಾಯಿಯದು ಕ್ಯಾಪ್ಸೈಸಿನ್. ಎರಡೂ ಬೇರೆ. ಆದರೆ 1997ರಲ್ಲಿ ಅಮೆರಿಕದ ಡೇವಿಡ್ ಜೂಲಿಯಸ್ ಮತ್ತು ಅವರ ಜೊತೆಗಾರರು ನಮ್ಮ ನರಗಳ ತುದಿಯಲ್ಲಿರುವ ಒಂದು ಬಾಗಿಲನ್ನು ಗುರುತಿಸಿದರು. ಸುಡುವ ಬಿಸಿ ತಾಗಿದರೆ ಆ ಬಾಗಿಲು ತೆರೆಯುತ್ತದೆ, ಮಿದುಳಿಗೆ ಉರಿ ಎಂದು ಸುದ್ದಿ ಹೋಗುತ್ತದೆ. ಕ್ಯಾಪ್ಸೈಸಿನ್ ಆ ಬಾಗಿಲನ್ನೇ ತಟ್ಟುತ್ತದೆ. ಪೈಪರಿನ್ ಕೂಡ ತಟ್ಟುವುದು ಅದನ್ನೇ, ಸ್ವಲ್ಪ ಮೆಲ್ಲಗೆ. ಈ ಕೆಲಸ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ತಂದುಕೊಟ್ಟಿತು. ನಮ್ಮ ಹಿರಿಯರೂ ಇಟಲಿಯವರೂ ಲ್ಯಾಬ್ ಇಲ್ಲದೆ, ಅಡುಗೆಮನೆಯಲ್ಲೇ, ಈ ಎರಡೂ ಒಂದೇ ಜಾತಿ ಎಂದು ತೀರ್ಮಾನಿಸಿದ್ದರು.

ಆದರೆ ನೋಡಿ, ಖಾರಕ್ಕೆ ಅಂತ ಕೊಟ್ಟ ಹೆಸರು ಕೊನೆಗೆ ಎಲ್ಲಿ ಹೋಗಿ ಕೂತಿತು? ಖಾರವೇ ಇಲ್ಲದ ಕಾಯಿಯ ಮೇಲೆ. ದೊಣ್ಣೆ ಮೆಣಸಿನಕಾಯಿಯಲ್ಲಿ ಕ್ಯಾಪ್ಸೈಸಿನ್ ತಯಾರಾಗುವುದೇ ಇಲ್ಲ. ಖಾರ ಅಳೆಯುವ ಸ್ಕೊವಿಲ್ ಮಾಪನದಲ್ಲಿ ಅದರ ಅಂಕ ಸೊನ್ನೆ. ಸಾಸೇಜಿನದೂ ಅಂಥ ಖಾರವೇನಲ್ಲ ಎಂದು ತಿಂದವರು ಹೇಳುತ್ತಾರೆ. ಅದರ ಕೆಂಪು ಬಣ್ಣ ಪಪ್ರಿಕಾ ಪುಡಿಯದು, ನಮ್ಮ ಬ್ಯಾಡಗಿಯ ಹಾಗೆ ಬಣ್ಣ ಜಾಸ್ತಿ, ಖಾರ ಕಮ್ಮಿ. ಪಪ್ರಿಕಾ ಎಂಬ ಹಂಗೇರಿಯ ಪದವನ್ನು ಕೆದಕಿದರೂ ಕೆಳಗೆ ಸಿಗುವುದು ಕಾಳುಮೆಣಸೇ. ಸರ್ಬಿಯದ ‘ಪಪರ್’ ಮೂಲಕ ಬಂದದ್ದು. ಯಾವ ಕಡೆ ಅಗೆದರೂ ಒಂದೇ ಬೇರು.

ಆ ಬೇರು ಹಿಡಿದು ಇನ್ನೂ ಹಿಂದೆ ಹೋದರೆ ಪದ ಮನೆಗೆ ಬರುತ್ತದೆ. ಇಟಾಲಿಯನ್ನಿನ ಪೆಪೆ ಬಂದದ್ದು ಲ್ಯಾಟಿನ್ನಿನ ‘ಪಿಪೆರ್’ನಿಂದ. ಇಂಗ್ಲಿಷಿನ ಪೆಪ್ಪರ್ ಕೂಡ ಅಲ್ಲಿಂದಲೇ. ಲ್ಯಾಟಿನ್ನಿಗೆ ಗ್ರೀಕಿನ ‘ಪೆಪೆರಿ’. ಗ್ರೀಕಿಗೆ ನಮ್ಮ ಪಿಪ್ಪಲಿ. ದಾರಿಯಲ್ಲಿ ಲಕಾರ ಬಿದ್ದು ರಕಾರ ಬಂತು. ಗಮನಿಸಿ, ಪಿಪ್ಪಲಿ ಎಂದರೆ ಕಾಳುಮೆಣಸಲ್ಲ. ಅದು ಕಾಳುಮೆಣಸಿನ ಅಕ್ಕನೋ ತಂಗಿಯೋ ಆದ ಇನ್ನೊಂದು ಬಳ್ಳಿಯ, ಬೆರಳ ತುದಿಯಷ್ಟು ಉದ್ದದ ತೆನೆ. ಅದರ ಹೆಸರನ್ನು ಗ್ರೀಕರು ಕಾಳುಮೆಣಸಿಗೂ ಇಟ್ಟರು. ಅಂದರೆ ಹೆಸರು ಒಂದರಿಂದ ಇನ್ನೊಂದಕ್ಕೆ ಜಾರುವ ಈ ಆಟ ಕೊಲಂಬಸ್‌ನಿಂದ ಶುರುವಾದದ್ದಲ್ಲ. ಗ್ರೀಕರ ಕಾಲಕ್ಕೇ ಒಂದು ಸಲ ಜಾರಿತ್ತು. ಪಿಪ್ಪಲಿ, ಕಾಳುಮೆಣಸು, ಮೆಣಸಿನಕಾಯಿ, ದೊಣ್ಣೆ ಮೆಣಸಿನಕಾಯಿ, ಕೊನೆಗೆ ಹಂದಿ ಮಾಂಸ.

ಒಂದನೇ ಶತಮಾನದ ರೋಮ್‌ನಲ್ಲಿ ಪ್ಲಿನಿ ಎಂಬ ಪಂಡಿತ ಈ ಮೆಣಸುಗಳ ಬಗ್ಗೆ ಗೊಣಗಿದ್ದಾನೆ. ಸಿಹಿಯಿಲ್ಲ, ನೋಡಲು ಚಂದವಿಲ್ಲ, ಇರುವುದೊಂದು ಖಾರ, ಅದಕ್ಕಾಗಿ ಭಾರತದವರೆಗೆ ಹೋಗಬೇಕಾ ಎಂಬುದು ಅವನ ತಕರಾರು. ಬೆಲೆಯನ್ನೂ ಕೊಟ್ಟಿದ್ದಾನೆ: ಒಂದು ಪೌಂಡಿಗೆ ಕರಿಮೆಣಸು 4 ದೀನಾರಿ (ರೋಮಿನ ಬೆಳ್ಳಿ ನಾಣ್ಯ), ಬಿಳಿಮೆಣಸು 7, ಪಿಪ್ಪಲಿ 15. ಗೊಣಗಿ ಏನು ಪ್ರಯೋಜನ? 408ರಲ್ಲಿ ಗಾಥ್ ಜನರ ದೊರೆ ಅಲಾರಿಕ್ ರೋಮ್ ನಗರವನ್ನು ಮುತ್ತಿದಾಗ, ಬಿಟ್ಟುಹೋಗಲು ಚಿನ್ನ ಬೆಳ್ಳಿಯ ಜೊತೆ 3000 ಪೌಂಡ್ ಮೆಣಸನ್ನೂ ಕೇಳಿದ. ಈಜಿಪ್ಟಿನ ಕೆಂಪು ಸಮುದ್ರದ ದಡದಲ್ಲಿ ಬೆರೆನಿಕೆ ಎಂಬ ಹಳೇ ಬಂದರಿದೆ. ಅಲ್ಲಿಯ ಗುಡಿಯೊಂದನ್ನು ಅಗೆದಾಗ ಭಾರತದಲ್ಲಿ ಮಾಡಿದ ದೊಡ್ಡ ಹರವಿಯಲ್ಲಿ ಏಳೂವರೆ ಕಿಲೋ ಕಾಳುಮೆಣಸು ಹಾಗೇ ಸಿಕ್ಕಿತು. ಏಳೂವರೆ ಕಿಲೋ! ನಮ್ಮ ಅಂಗಡಿಯವರು ಕಂಡಿದ್ದರೆ ಎಷ್ಟು ಮದುವೆ ಎಂದು ಕೇಳುತ್ತಿದ್ದರೋ.

ಪಿಪ್ಪಲಿ ಕನ್ನಡದಲ್ಲಿ ಏನಾಯಿತು ಅಂತ ನಿಮಗೆ ಗೊತ್ತೇ ಇದೆ. ಪಾಲು ಹಾಲಾಯಿತು, ಪೂ ಹೂವಾಯಿತು, ಪುಲಿ ಹುಲಿಯಾಯಿತು, ಪಿಪ್ಪಲಿ ಹಿಪ್ಪಲಿಯಾಯಿತು. ಸಮುದ್ರ ದಾಟಿ ಇಟಲಿಯವರೆಗೆ ಹೋದ ಪದ ಎರಡು ಪಕಾರಗಳನ್ನೂ ಜೋಪಾನವಾಗಿ ಇಟ್ಟುಕೊಂಡಿದೆ. ಮನೆಯಲ್ಲೇ ಇದ್ದದ್ದು ಒಂದನ್ನು ಕಳೆದುಕೊಂಡಿದೆ.

ಊರಿಗೆ ಬಂದ ಮೇಲೆ ಹಿಪ್ಪಲಿ ನೋಡಬೇಕು ಅನಿಸಿತು. ಅಜ್ಜಿ ಇದ್ದಾಗ ಕೆಮ್ಮಿಗೆ ಅದನ್ನು ಜಜ್ಜಿ ಕಷಾಯಕ್ಕೆ ಹಾಕುತ್ತಿದ್ದರು. ಆಗ ಲೋಟ ನೋಡಿದ್ದೆನೇ ಹೊರತು ಹಿಪ್ಪಲಿಯನ್ನು ಸರಿಯಾಗಿ ನೋಡಿರಲಿಲ್ಲ. ಮಾರ್ಕೆಟ್ ಹಿಂದಿನ ಗ್ರಂಧಿಗೆ ಅಂಗಡಿಗೆ ಹೋದೆ. ಮರದ ಪೆಟ್ಟಿಗೆಗಳು, ಬೇರುಗಳು, ಶುಂಠಿ, ಒಂದಕ್ಕೊಂದು ಬೆರೆತ ವಾಸನೆ.

‘ಹಿಪ್ಪಲಿ ಬೇಕಿತ್ತು.’

‘ಬಾಣಂತಿ ಲೇಹ್ಯಕ್ಕಾ?’

‘ಇಲ್ಲ, ಸುಮ್ನೆ ನೋಡೋಕೆ.’

ಅವರು ಒಂದು ಕ್ಷಣ ನೋಡಿದರು. ಆಮೇಲೆ ಪೆಟ್ಟಿಗೆ ಎಳೆದು ನಾಲ್ಕು ತೆಗೆದು ಕೈಗೆ ಹಾಕಿದರು. ನೋಡೋಕಾದರೆ ದುಡ್ಡು ಬೇಡ ಎಂದರು. ಕಂದು ಬಣ್ಣ, ಒರಟು ಮೈ, ಒಣಗಿದ ಹುಳುವಿನ ಹಾಗೆ. ಪ್ಲಿನಿ ಹೇಳಿದ್ದು ಸುಳ್ಳಲ್ಲ, ನೋಡಲು ಏನೇನೂ ಚಂದವಿಲ್ಲ. ರಸ್ತೆಗೆ ಬಂದು ಒಂದನ್ನು ಕಚ್ಚಿದೆ. ಮೊದಲು ಏನೂ ಇಲ್ಲ, ಬರೀ ಮಣ್ಣಿನಂಥ ಕಂಪು, ಒಂಚೂರು ಸಿಹಿ. ಮೋಸ ಅಂದುಕೊಂಡು ಗಾಡಿ ಸ್ಟಾರ್ಟ್ ಮಾಡಿದೆ. ಮೊದಲ ಸಿಗ್ನಲ್ ಹತ್ತಿರ ನಾಲಿಗೆಯ ತುದಿ ಜುಂ ಎಂದಿತು. ಎರಡನೇ ಸಿಗ್ನಲ್ ಹೊತ್ತಿಗೆ ಗಂಟಲಿನವರೆಗೆ ಇಳಿದಿತ್ತು. ಉಳಿದ ಮೂರನ್ನು ಜೇಬಿನಲ್ಲಿಟ್ಟುಕೊಂಡು, ಎಳನೀರು ಎಲ್ಲಿ ಸಿಗುತ್ತದೆ ಎಂದು ಹುಡುಕುತ್ತಾ ಹೋದೆ.